ಮರೆವಿನ ಕಾಯಿಲೆ: ಟೊರೊಂಟೊ ಕೇಳಿದ ಪ್ರಶ್ನೆಗೆ ಹೈದರಾಬಾದಿನ ಉತ್ತರ

ಮಿದುಳಿನ ಸಂಶೋಧನೆಯಲ್ಲಿ ಹೊರದೇಶದವರ ಜೊತೆ ಸೇರುವುದೆಂದರೆ ಯಂತ್ರ ಅವರದು, ಹಣ ಅವರದು, ರೋಗಿಗಳು ಮಾತ್ರ ನಮ್ಮವರು ಎಂಬ ಭಾವನೆ ಬಹಳ ಜನರಲ್ಲಿದೆ. ನಾನು ಹೇಳುವುದು ಬೇರೆ: ಕೆಲವು ಪ್ರಶ್ನೆಗಳಿಗೆ ಅವರ ಊರಲ್ಲಿ ಉತ್ತರ ಸಿಗುವುದೇ ಕಷ್ಟ. 2007ರಲ್ಲಿ ಟೊರೊಂಟೊದ ಎಲೆನ್ ಬಿಯಾಲಿಸ್ಟಾಕ್ ತಂಡ 184 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿತು. ಬದುಕಿನುದ್ದಕ್ಕೂ ಎರಡು ಭಾಷೆ ಆಡಿದವರಲ್ಲಿ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಕಂಡಿತ್ತು. ಆದರೆ ಅವರಲ್ಲಿ ಹೆಚ್ಚಿನವರು ವಲಸೆ ಬಂದವರು. ತಡವಾದದ್ದು ಭಾಷೆಯಿಂದಲೋ ವಲಸೆಯಿಂದಲೋ, ಬಿಡಿಸಿ ಹೇಳುವುದು ಹೇಗೆ?

ನಮ್ಮಲ್ಲಿ ಎರಡನೆಯ ಭಾಷೆಗಾಗಿ ಯಾರೂ ಊರು ಬಿಡಬೇಕಿಲ್ಲ. ತಿಕೋಟಾದ ಬೆಳೆಗಾರ ಒಣದ್ರಾಕ್ಷಿಯನ್ನು ತಾಸಗಾಂವಕ್ಕೆ ಒಯ್ದು ಮರಾಠಿಯಲ್ಲೇ ದರ ಕುದುರಿಸುತ್ತಾನೆ. ತಾಂಡಾದ ಅಜ್ಜಿಗೆ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ. ಹೈದರಾಬಾದ್ ಕೂಡ ಅಂಥದ್ದೇ ಊರು. ಅಲ್ಲಿನ ನಿಮ್ಸ್ ಆಸ್ಪತ್ರೆಯಲ್ಲಿದ್ದಾಗ ಡಾ. ಸುವರ್ಣಾ ಅಲ್ಲಾಡಿ (ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು) ಎಡಿನ್‌ಬರೊದ ಥಾಮಸ್ ಬಾಕ್ ಮುಂತಾದವರ ಜೊತೆ ಸೇರಿ 648 ರೋಗಿಗಳ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ಇಲ್ಲಿ ವಲಸೆಯ ಗೊಂದಲವಿಲ್ಲ. ಎರಡು ಭಾಷೆಯವರಲ್ಲಿ ಕಾಯಿಲೆ ತಡವಾದ ಅಂತರ ನಾಲ್ಕೂವರೆ ವರ್ಷ. ಅಕ್ಷರ ಕಲಿಯದವರಲ್ಲೂ ಅಂತರ ಕಂಡದ್ದರಿಂದ ಇದೆಲ್ಲ ಶಾಲೆಯ ಪ್ರಭಾವ ಎನ್ನುವಂತೆಯೂ ಇಲ್ಲ. ಮೂರನೆಯ ಭಾಷೆಯಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನಾಲ್ಕು ಭಾಷೆ ಬಲ್ಲವರು ಬೇಸರಪಡಬಾರದು.

ಆಕ್ಷೇಪಗಳಿವೆ, ತೂಕದವೇ ಇವೆ. ಎಣಿಸಿದ್ದು ಆಸ್ಪತ್ರೆಗೆ ಬಂದವರನ್ನು. ಅರಳುಮರಳು ಎಂದು ಮನೆಯಲ್ಲೇ ಬಿಟ್ಟವರು ಲೆಕ್ಕಕ್ಕೆ ಬರಲಿಲ್ಲ. ಕಾಯಿಲೆ ಯಾವಾಗ ಶುರುವಾಯಿತೆಂಬುದಕ್ಕೂ ಮನೆಯವರ ನೆನಪೇ ಆಧಾರ. ನ್ಯೂಯಾರ್ಕ್‌ನಲ್ಲಿ ಸ್ಪ್ಯಾನಿಷ್ ಆಡುವ ವಲಸಿಗರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಕ್ಕೆ ಈ ಲಾಭ ಕಾಣಲಿಲ್ಲ. ಹಾಗೆಂದು ಪ್ರಶ್ನೆಯನ್ನೇ ಕೈಬಿಡುವುದು ಸರಿಯಲ್ಲ. ಕಾಯಿಲೆ ಬರುವ ಮೊದಲೇ ಹಳ್ಳಿಗೆ ಹೋಗಿ ಅಳೆಯಬೇಕು. ಐಐಎಸ್ಸಿಯ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದವರ ಮೇಲೆ ಅಂಥ ದೀರ್ಘಕಾಲದ ಅಧ್ಯಯನವನ್ನೇ ಕೈಗೊಂಡಿದೆ.

ನಮ್ಮ ಜನರ ಮಾಹಿತಿ ಹೊರದೇಶದ ಪಾಲಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸರ್ಕಾರದ ಒಪ್ಪಿಗೆ, ರೋಗಿಯ ಸಮ್ಮತಿ ಬೇಕೇ ಬೇಕು. ನನಗೆ ಅದಕ್ಕಿಂತ ಹೆಚ್ಚಿನ ಚಿಂತೆ ಅಳತೆಗೋಲಿನದು. ಐಸಿಎಂಆರ್ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ನೆನಪಿನ ಪರೀಕ್ಷೆಗಳನ್ನು ಸಿದ್ಧಪಡಿಸಿದೆ, ಒಳ್ಳೆಯದೇ. ಆದರೆ ಬಬಲೇಶ್ವರದ ಅಜ್ಜಿಗೆ ಬೆಂಗಳೂರು ಕನ್ನಡದ ಪ್ರಶ್ನೆ ಅರ್ಥವಾಗದೆ ಸುಮ್ಮನಾದರೆ ಅದೂ ಮರೆವಿನ ಲೆಕ್ಕಕ್ಕೇ ಜಮೆಯಾಗುತ್ತದೆ. ಎಡಿನ್‌ಬರೊದಲ್ಲಿ ಕುಳಿತವರಿಗೆ ಆ ತಪ್ಪು ಕಾಣುವುದಿಲ್ಲ. ಪರೀಕ್ಷೆಯನ್ನು ಮೊದಲು ಆ ಅಜ್ಜಿಯ ಜಿಲ್ಲೆಯ ಆಡುಮಾತಿನಲ್ಲಿ ಒರೆಗೆ ಹಚ್ಚಿ ಎಂದು ನಾವೇ ಪಟ್ಟು ಹಿಡಿಯಬೇಕು.