ವೈದ್ಯಶಿಕ್ಷಣದ ಸಿದ್ಧತೆ ಮತ್ತು ಐಚ್ಛಿಕ ವಿಷಯಗಳ ಆಯ್ಕೆ

(ಶತಮಾನೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ–ಪಾಲಕರ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಉಪನ್ಯಾಸ)



ನೂರು ವರ್ಷಗಳಿಂದ ಗಡಿಯ ಈಚೆಯ ಮಕ್ಕಳಿಗೆ ಕನ್ನಡದಲ್ಲಿ ಅಕ್ಷರ ಕಲಿಸಿದ ಈ ಶಾಲೆಗೆ ಮೊದಲು ನಮ್ಮ ವಂದನೆಗಳು. ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಜತ್ತ ತಾಲೂಕಿನ ಅನೇಕ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮಗುವನ್ನು ಡಾಕ್ಟರ್ ಮಾಡಬೇಕಾದರೆ ಯಾವ ವಿಷಯ ಕೊಡಿಸಬೇಕು? ಯಾವ ಊರಿನ ಕಾಲೇಜಿಗೆ ಹಾಕಬೇಕು? ಇವೆರಡನ್ನೂ ಒಟ್ಟಿಗೆ ಕೂತು ನಿರ್ಧರಿಸಬೇಕೆಂಬುದು ನಮ್ಮ ವಿನಂತಿ.

ಮೊದಲು ಆಯ್ಕೆಗೆ ಎಡೆಯಿಲ್ಲದ ಭಾಗ. ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಹಾಗೂ ಇಂಗ್ಲಿಷ್ ವಿಷಯಗಳಲ್ಲಿ ತೇರ್ಗಡೆಯಾಗಿರಬೇಕು. ಮೂರು ವಿಜ್ಞಾನಗಳೂ ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡಾ 50, ಮೀಸಲು ವರ್ಗದವರಿಗೆ ಶೇಕಡಾ 40 ಅಂಕಗಳು ಬೇಕು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೆ 360, ಉಳಿದೆರಡಕ್ಕೆ ತಲಾ 180. ಸರಿಯುತ್ತರಕ್ಕೆ ನಾಲ್ಕು ಅಂಕ ಸಿಗುತ್ತದೆ. ತಪ್ಪುತ್ತರಕ್ಕೆ ಒಂದು ಅಂಕ ಕಳೆಯುತ್ತದೆ. ಅಲ್ಲಿ ಗಣಿತದ ಪತ್ರಿಕೆ ಇಲ್ಲ.

ಹಾಗಾದರೆ ಗಣಿತವನ್ನು ಬಿಡಬಹುದೇ? ನಿಯಮದ ಪ್ರಕಾರ ಬಿಡಬಹುದು. ಆದರೆ 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು, ಆಗ ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟುಗಳು ಲಕ್ಷಕ್ಕಿಂತ ತುಸು ಹೆಚ್ಚು ಮಾತ್ರ ಇದ್ದವು. ಪ್ರಯತ್ನ ಕೈಗೂಡದಿದ್ದರೆ ಮುಂದೇನು ಎಂಬ ಯೋಚನೆ ಹನ್ನೊಂದನೆಯ ತರಗತಿಯಲ್ಲೇ ಇರಬೇಕು. ಜೀವಶಾಸ್ತ್ರವಿದ್ದರೆ ಆಯುರ್ವೇದ, ಹೋಮಿಯೋಪಥಿ, ನರ್ಸಿಂಗ್, ಫಾರ್ಮಸಿ, ಕೃಷಿ, ಪಶುವೈದ್ಯಕೀಯ ಮೊದಲಾದ ದಾರಿಗಳಿವೆ. ಮಾಡಗ್ಯಾಳದ ಕುರಿತಳಿಗೆ ಹೆಸರಾದ ನಮ್ಮ ನೆಲದಲ್ಲಿ ಪಶುವೈದ್ಯರ ಬೆಲೆಯನ್ನು ವಿವರಿಸಬೇಕಿಲ್ಲ. ಎಂಜಿನಿಯರಿಂಗಿನ ದಾರಿಯೂ ಉಳಿಯಬೇಕೆಂದರೆ ಗಣಿತ ಬೇಕು. ಹತ್ತನೆಯಲ್ಲಿ ಗಣಿತ ಸಲೀಸಾಗಿ ಬಂದವರು ನಾಲ್ಕೂ ವಿಷಯಗಳನ್ನು ತೆಗೆದುಕೊಳ್ಳಲಿ. ಅದರ ಭಾರಕ್ಕೆ ಜೀವಶಾಸ್ತ್ರದ ಓದೇ ಕುಂಠಿತವಾಗುವಂತಿದ್ದರೆ ಬಿಡುವುದು ಲೇಸು. ಬಿಟ್ಟವರೂ ಲಾಗರಿದಮ್, ತ್ರಿಕೋನಮಿತಿ, ಕಲನಶಾಸ್ತ್ರದ ಮೊದಲ ಪಾಠಗಳನ್ನು ಕಲಿಯಲೇಬೇಕು. ಅವಿಲ್ಲದೆ ಭೌತಶಾಸ್ತ್ರದ ಲೆಕ್ಕಗಳು ಬಿಡಿಸಲಾರವು.

ಎರಡನೆಯ ಆಯ್ಕೆ ಭಾಷೆಯದು. ಮಹಾರಾಷ್ಟ್ರದ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡವನ್ನೂ ಒಂದು ವಿಷಯವಾಗಿ ಓದಲು ಅವಕಾಶವಿದೆ. ಕಲಿಸುವ ವ್ಯವಸ್ಥೆ ಇರುವಲ್ಲಿ ಅದನ್ನು ಬಿಡಬೇಡಿ. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಕಲಿತ ಮಗು ಒಮ್ಮೆಲೇ ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ ಮೊದಲ ಕೆಲವು ತಿಂಗಳು ತಡವರಿಸುವುದು ಸಹಜ. ಅದನ್ನು ಬುದ್ಧಿಯ ಕೊರತೆಯೆಂದು ಯಾರೂ ಎಣಿಸಬಾರದು. ಕೋಶಕೇಂದ್ರಕ್ಕೆ ನ್ಯೂಕ್ಲಿಯಸ್, ಪರಾಗಸ್ಪರ್ಶಕ್ಕೆ ಪಾಲಿನೇಷನ್, ದ್ಯುತಿಸಂಶ್ಲೇಷಣೆಗೆ ಫೋಟೋಸಿಂಥೆಸಿಸ್ ಎಂದು ಎರಡೂ ಭಾಷೆಯ ಪದಗಳನ್ನು ಎದುರುಬದುರು ಬರೆದ ಒಂದು ನೋಟ್‌ಬುಕ್ಕನ್ನು ರಜೆಯಲ್ಲೇ ಸಿದ್ಧಪಡಿಸಿಕೊಳ್ಳಲಿ. ಅರ್ಥ ಮೊದಲೇ ತಿಳಿದಿರುವುದರಿಂದ ಕಲಿಯಬೇಕಾದದ್ದು ಹೆಸರು ಮಾತ್ರ.

ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ದೊರೆಯುತ್ತಿದೆ. ಕನ್ನಡವನ್ನು ಆರಿಸಿದವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಆದರೆ ಕನ್ನಡ ಪತ್ರಿಕೆ ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ ಲಭ್ಯ. ಉಮದಿ, ಸಂಖದ ವಿದ್ಯಾರ್ಥಿ ಕನ್ನಡ ಪತ್ರಿಕೆ ಬಯಸಿದರೆ ವಿಜಯಪುರದಂಥ ಊರನ್ನು ಕೇಂದ್ರವಾಗಿ ಆರಿಸಿಕೊಳ್ಳಬೇಕು. ಅರ್ಜಿ ತುಂಬುವ ದಿನ ಈ ಸಂಗತಿ ನೆನಪಿರಲಿ.

ಇನ್ನು ಊರಿನ ಆಯ್ಕೆ. ವಿಜಯಪುರ ನಮಗೆ ಹತ್ತಿರ, ಅಲ್ಲಿ ಭಾಷೆಯೂ ನಮ್ಮದೇ, ಆದ್ದರಿಂದ ಪಿ.ಯು.ಸಿ.ಗೆ ಅಲ್ಲಿಗೆ ಹೋಗುವ ಮನಸ್ಸಾಗುತ್ತದೆ. ಆದರೆ ಮಹಾರಾಷ್ಟ್ರದ ಶೇಕಡಾ 85ರ ರಾಜ್ಯ ಕೋಟಾದ ವೈದ್ಯಕೀಯ ಸೀಟುಗಳಿಗೆ ಸಾಮಾನ್ಯವಾಗಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿ ಎರಡನ್ನೂ ಈ ರಾಜ್ಯದಲ್ಲೇ ಮುಗಿಸಿರಬೇಕು. ಮಿರಜಿನ ಸರಕಾರಿ ವೈದ್ಯಕೀಯ ಕಾಲೇಜಿನ ಕನಸು ಕಂಡು ಗಡಿ ದಾಟಿ ಪಿ.ಯು.ಸಿ. ಓದಿದರೆ ಆ ಬಾಗಿಲು ಮುಚ್ಚಿಹೋಗುತ್ತದೆ. ಅತ್ತ ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರೆಂಬ ವಿಭಾಗವಿದ್ದು, ಅದರಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳೊಡನೆ ಜತ್ತದ ಹೆಸರೂ ಇದೆ. ಆ ವಿಭಾಗದವರು ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಅರ್ಹರಾಗಬೇಕು. ಈ ಶಾಲೆಯ ಮಕ್ಕಳಿಗೆ ಅದು ಕಷ್ಟವಲ್ಲ. ಷರತ್ತುಗಳು ಬದಲಾಗುತ್ತಿರುವುದರಿಂದ ಎರಡೂ ರಾಜ್ಯಗಳ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಕಾಲೇಜಿಗೆ ಹೆಸರು ಹಚ್ಚುವ ಮೊದಲೇ ಓದಬೇಕು.

ಪಾಲಕರಲ್ಲಿ ಕೊನೆಯದೊಂದು ಮಾತು. ನೆರೆಮನೆಯ ಮಗು ಏನು ತೆಗೆದುಕೊಂಡಿತೆಂದು ನೋಡಬೇಡಿ. ನಿಮ್ಮ ಮಗುವಿಗೆ ಯಾವ ಪಾಠ ಇಷ್ಟವೆಂದು ಕೇಳಿ, ಅದರ ಗುರುಗಳನ್ನೂ ಕೇಳಿ. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಾದರೂ ವೈದ್ಯರಾಗಿ ಈ ಸೀಮೆಗೆ ಮರಳಿ, ರೋಗಿಯ ನೋವನ್ನು ಅವನದೇ ಮಾತಿನಲ್ಲಿ ಕೇಳುವಂತಾಗಲಿ ಎಂದು ಹಾರೈಸುತ್ತೇವೆ.