ಮನೆಯ ಲೆಕ್ಕ ಮನೆಯವರ ಮುಂದೆ

(ಶತಮಾನೋತ್ಸವದ ಅಂಗವಾಗಿ ಇಗರ್ಜಿಯ ಸಭಾಭವನದಲ್ಲಿ ಜರಗಿದ ಕೃಷಿಕ ಕುಟುಂಬಗಳ ಸಮಾವೇಶದಲ್ಲಿ ಧರ್ಮಗುರುಗಳು ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ಈ ಸಮಾವೇಶದಲ್ಲಿ ನಮ್ಮಿಂದ ಆಶೀರ್ವಚನವನ್ನು ಅಪೇಕ್ಷಿಸಿದ್ದರು. ಆಶೀರ್ವಾದವು ಬೆಳಗಿನ ಬಲಿಪೂಜೆಯಲ್ಲಿಯೇ ನಿಮಗೆ ದೊರೆತಿದೆ. ಆದುದರಿಂದ ಈಗ ಹಣದ ವಿಷಯ ಮಾತನಾಡಲು ಅನುಮತಿ ಬೇಡುತ್ತೇವೆ. ಧರ್ಮಗುರುಗಳು ಹಣದ ಮಾತೆತ್ತಿದ ಕೂಡಲೆ ಕೆಲವರು ತಮ್ಮ ಜೇಬನ್ನು ಮುಟ್ಟಿ ನೋಡಿಕೊಳ್ಳುವರೆಂಬುದನ್ನು ನಾವು ಬಲ್ಲೆವು. ಭಯ ಬೇಡ, ಇಂದು ವಂತಿಗೆಯ ಪ್ರಸ್ತಾಪವಿಲ್ಲ. ನಾವು ಹೇಳಬೇಕೆಂದಿರುವುದು ನಿಮ್ಮ ನಿಮ್ಮ ಮನೆಗಳ ಹಣದ ವಿಷಯ. ಅದರಲ್ಲಿಯೂ ಒಂದೇ ಸೂರಿನಡಿಯಲ್ಲಿ ಒಬ್ಬರಿಂದೊಬ್ಬರು ಮುಚ್ಚಿಡುವ ಸಾಲದ ವಿಷಯ.

ಈ ಇಗರ್ಜಿಗೆ ಕಲ್ಲು ಹೊತ್ತ ಹಿರಿಯರಲ್ಲಿ ಸ್ವಂತ ಭೂಮಿಯಿದ್ದವರು ವಿರಳ. ಪುತ್ತೂರು ಸೀಮೆಯ ಇತರ ಒಕ್ಕಲುಗಳಂತೆ ಅವರಲ್ಲಿ ಬಹುಮಂದಿ ಚಾಲಗೇಣಿಯವರು. ಕೊಯ್ಲಾದ ಮೇಲೆ ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ಧಣಿಗಳ ಮನೆಗೆ ಮುಟ್ಟಿಸಿ, ಉಳಿದುದರಲ್ಲಿ ಮುಂದಿನ ಕೊಯ್ಲಿನವರೆಗೆ ಕಾಲ ನೂಕಬೇಕಾಗಿತ್ತು. ಆಟಿ ತಿಂಗಳಲ್ಲಿ ಅಕ್ಕಿ ಮುಗಿದಾಗ ಸಾಲವಲ್ಲದೆ ಅನ್ಯಮಾರ್ಗವಿರಲಿಲ್ಲ. ಇಂತಹ ಕಾಲದಲ್ಲಿ, 1904ರ ಸಹಕಾರಿ ಕಾನೂನಿನ ಆಧಾರದಿಂದ ಹಳ್ಳಿಹಳ್ಳಿಗಳಲ್ಲಿ ಸಾಲದ ಸಂಘಗಳು ಹುಟ್ಟಿದವು. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪವನ್ನು ನಮ್ಮ ಪುತ್ತೂರಿನಲ್ಲಿ 1909ರಲ್ಲಿ ಮೊಳಹಳ್ಳಿ ಶಿವರಾಯರು ಹಚ್ಚಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಸ್ಥಾಪನೆಯಾಯಿತು. ಮಂಗಳೂರಿನಲ್ಲಿ 1912ರಲ್ಲಿ ನಮ್ಮ ಕಥೋಲಿಕ ಸಮುದಾಯದವರೇ ಒಂದು ಸಹಕಾರಿ ಸಂಸ್ಥೆಯನ್ನು ಕಟ್ಟಿದರು. ಅದೇ ಇಂದಿನ ಎಂ.ಸಿ.ಸಿ. ಬ್ಯಾಂಕ್. ದೂರದ ಛೋಟಾನಾಗಪುರದಲ್ಲಿ ಯೇಸುಸಭೆಯ ಫಾದರ್ ಹಾಫ್‌ಮನ್ ಅವರು ಆದಿವಾಸಿ ರೈತರ ಭೂಮಿ ಬಡ್ಡಿಯವರ ಪಾಲಾಗುವುದನ್ನು ಕಂಡು 1909ರಲ್ಲಿ ಅಂತಹುದೇ ಸಂಘವನ್ನು ಸ್ಥಾಪಿಸಿದರು.

ಈ ಇತಿಹಾಸವನ್ನು ಹೇಳಿದುದು ಹೆಮ್ಮೆಗಾಗಿ ಮಾತ್ರವಲ್ಲ. ಆಗಿನ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ; ಒಬ್ಬನು ಸಾಲ ತೀರಿಸದಿದ್ದರೆ ಎಲ್ಲರೂ ಅದಕ್ಕೆ ಬಾಧ್ಯರು. ಆದಕಾರಣ ಯಾರು ಎಷ್ಟು ಪಡೆದರು, ಯಾತಕ್ಕಾಗಿ ಪಡೆದರು, ಎತ್ತು ಕೊಂಡರೋ ಅಥವಾ ಎತ್ತಿನ ಹೆಸರಿನಲ್ಲಿ ಮದುವೆ ಮಾಡಿದರೋ ಎಂಬುದನ್ನು ಇಡೀ ಊರು ವಿಚಾರಿಸುತ್ತಿತ್ತು. ಕಿರಿಕಿರಿಯ ವ್ಯವಸ್ಥೆಯೇ ಸರಿ. ಆದರೆ ಬರಿಗೈಯ ಒಕ್ಕಲುಗಳಿಗೆ ಯಾವ ಅಡವೂ ಇಲ್ಲದೆ ಹಣ ಹುಟ್ಟಿದುದು ಆ ಬಯಲಿನ ಲೆಕ್ಕದಿಂದಲೇ.

ಮುಂದೆ 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದಿತು. ನಿಮ್ಮ ತಂದೆ, ಅಜ್ಜಂದಿರು 7ನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತರು, ಉಳುವವನೇ ಹೊಲದೊಡೆಯನಾದನು. ಗದ್ದೆಯ ಬದಿಯಲ್ಲಿ ಅಡಿಕೆ, ತೆಂಗು, ಕರಿಮೆಣಸು ಬಂದವು. ಅಡಿಕೆಯ ಧಾರಣೆ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಸಂಸ್ಥೆ ಹುಟ್ಟಿ ಬೆಳೆಗಾರನಿಗೆ ಆಸರೆಯಾಯಿತು. ಬಳಿಕ ಮಕ್ಕಳು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದರು. ಹುಲ್ಲಿನ ಮಾಡು ಹೋಗಿ ಹೆಂಚು, ಹೆಂಚು ಹೋಗಿ ತಾರಸಿ ಬಂದಿತು. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಗೇಣಿಯ ಒಕ್ಕಲಿಗೆ ಭೂಮಿಯನ್ನು ಅಡವಿಡುವ ಅಧಿಕಾರವಿರಲಿಲ್ಲ. ಭೂಮಿ ಸ್ವಂತದ್ದಾದ ದಿನದಿಂದಲೇ ಅದನ್ನು ಕಳೆದುಕೊಳ್ಳುವ ಅಧಿಕಾರವೂ ನಮಗೆ ದೊರೆತಿದೆ.

ಈಗ ನಾವು ಕಣ್ಣಾರೆ ಕಾಣುತ್ತಿರುವುದನ್ನು ಹೇಳುವೆವು. ಇಗರ್ಜಿಯ ವಾರ್ಷಿಕ ಲೆಕ್ಕ ಮಂಡಿಸುವ ದಿನ ನೀವೆಲ್ಲರೂ ಬಹು ಜಾಗರೂಕರು. ಮೇಣದಬತ್ತಿಯ ಖರ್ಚು ಕಳೆದ ವರ್ಷಕ್ಕಿಂತ ಏಕೆ ಹೆಚ್ಚಾಯಿತೆಂದು ಕೇಳುವವರಿದ್ದಾರೆ. ಕೇಳಬೇಕಾದುದೇ, ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಲೇಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ತನ್ನ 537ನೆಯ ವಿಧಿಯಲ್ಲಿ ವಿಧಿಸಿದೆ. ಆದರೆ ಅದೇ ಗೃಹಸ್ಥರನ್ನು, ನಿಮ್ಮ ಮನೆಯ ಮೇಲೆ ಒಟ್ಟು ಸಾಲವೆಷ್ಟು, ಅದು ನಿಮ್ಮ ಪತ್ನಿಗೆ ತಿಳಿದಿದೆಯೇ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಅವಳಿಗೇಕೆ ಚಿಂತೆ, ಫಾದರ್’ ಎನ್ನುತ್ತಾರೆ. ಪ್ರೀತಿಯಿಂದಲೇ ಆಡಿದ ಮಾತಿರಬಹುದು. ಆ ಪ್ರೀತಿಯ ಪರಿಣಾಮವನ್ನು ನಾವು ಶವಸಂಸ್ಕಾರದ ನಂತರದ ದಿನಗಳಲ್ಲಿ ನೋಡುತ್ತೇವೆ.

ಒಂದು ಮನೆಯ ಸಂಗತಿ. ಹೆಸರು ಬೇಡ, ಊರೂ ಬೇಡ. ಯಜಮಾನರು ಐವತ್ತು ತುಂಬುವ ಮೊದಲೇ ಹೃದಯಾಘಾತದಿಂದ ತೀರಿಹೋದರು. ಸೊಸೈಟಿಯ ಬೆಳೆಸಾಲವೊಂದನ್ನು ಮಾತ್ರ ಪತ್ನಿ ಬಲ್ಲವರಾಗಿದ್ದರು. ತಿಂಗಳ ಪೂಜೆ ಆಗುವುದರೊಳಗೆ ಇನ್ನೂ ಮೂರು ಹೊರಬಿದ್ದವು. ಬೆಳೆಸಾಲದ ಗಡುವಿಗೆ ಕಟ್ಟಲು ನೂರಕ್ಕೆ 3ರ ಬಡ್ಡಿಗೆ ಪಡೆದ ಕೈಸಾಲ ಒಂದು. ಪೆಟ್ಟಿಗೆಯಲ್ಲಿದೆಯೆಂದು ಆಕೆ ನಂಬಿದ್ದ ಮಗಳ ಬಳೆಗಳು ಅಡವಿನಲ್ಲಿದ್ದುದು ಇನ್ನೊಂದು. ಮೂರನೆಯದು ತಮ್ಮ ಸಾಲವೇ ಅಲ್ಲ. ಗೆಳೆಯನ ವಾಹನಸಾಲಕ್ಕೆ ಹಾಕಿದ ಜಾಮೀನು. ಆ ತಾಯಿ ನಮ್ಮ ಮುಂದೆ ಅತ್ತುದು ಹಣಕ್ಕಾಗಿ ಅಲ್ಲ. ‘ಇಷ್ಟು ಭಾರವನ್ನು ಒಬ್ಬರೇ ಹೊತ್ತರಲ್ಲಾ, ನನಗೆ ಹೇಳಿದ್ದರೆ ಬಳೆಯನ್ನು ನಾನೇ ಮಾರಿ ತೀರಿಸುತ್ತಿದ್ದೆನಲ್ಲಾ’ ಎಂದು ಅತ್ತರು.

ಆ ಮೂರು ಸಾಲಗಳನ್ನು ಒಂದೊಂದಾಗಿ ನೋಡೋಣ. ಇಂತಹವು ಈ ಸಭೆಯಲ್ಲಿ ಕುಳಿತಿರುವ ಬಹು ಮನೆಗಳಲ್ಲಿ ಇವೆಯೆಂದು ನಮಗೆ ತೋರುತ್ತದೆ.

ಬೆಳೆಸಾಲವು ಉತ್ತಮವಾದ ಸಾಲ. ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ ಬಡ್ಡಿಯಿಲ್ಲದೆ ದೊರೆಯುವ ಬೆಳೆಸಾಲದ ಮಿತಿಯನ್ನು 2023ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಆದರೆ ಗಡುವಿನೊಳಗೆ ಮರುಪಾವತಿ ಮಾಡಿದವನಿಗೆ ಮಾತ್ರ ಈ ಸೌಲಭ್ಯ. ಮೇ ತಿಂಗಳಿನಿಂದಲೇ ಮೈಲುತುತ್ತು, ಸುಣ್ಣ, ಗೊಬ್ಬರ, ಮದ್ದು ಬಿಡುವವರ ಕೂಲಿ ಎಂದು ಹಣ ಹೊರಗೆ ಹೋಗುತ್ತದೆ. ಕೊಯ್ದ ಅಡಿಕೆ ಅಂಗಳದ ಬಿಸಿಲಿನಲ್ಲಿ ನಲವತ್ತು ದಿನ ಒಣಗಿ, ಸುಲಿದು, ಮಂಡಿಗೆ ಹೋದ ಮೇಲೆಯೇ ಹಣ ಒಳಗೆ ಬರುತ್ತದೆ. ಆ ನಡುವಿನ ಕಾಲಕ್ಕಾಗಿ ಏರ್ಪಟ್ಟ ಸಾಲವನ್ನು ಮನೆಯ ಮುಂದಣ ಅಂಗಳಕ್ಕೆ ಇಂಟರ್‌ಲಾಕ್ ಹಾಸಲು ಬಳಸಿದರೆ ಅಂಗಳವು ಫಸಲು ಕೊಡುವುದಿಲ್ಲ. ಗಡುವು ಬಂದಾಗ ಹೊರಗಿನಿಂದ ಕೈಸಾಲ ತಂದು ಕಟ್ಟಿ, ಮರುವಾರ ಹೊಸ ಸಾಲ ಎತ್ತಿ ಅದನ್ನು ತೀರಿಸುವುದು ಹಲವರಿಗೆ ರೂಢಿಯಾಗಿದೆ. ಮೂರು ಲಕ್ಷಕ್ಕೆ ನೂರಕ್ಕೆ 3ರಂತೆ ತಿಂಗಳಿಗೆ 9,000 ರೂಪಾಯಿ. ಹೊಸ ಸಾಲ ಒಂದು ತಿಂಗಳು ತಡವಾಯಿತೆಂದರೆ ಬಡ್ಡಿಯಿಲ್ಲದ ಸಾಲದ ಬಡ್ಡಿ ಅಷ್ಟಾಯಿತು.

‘ನೂರಕ್ಕೆ ಮೂರು’ ಎಂಬುದು ಕಿವಿಗೆ ಹಗುರಾದ ಮಾತು. ತಿಂಗಳಿಗೆ 3 ಎಂದರೆ ವರ್ಷಕ್ಕೆ 36. ಚಕ್ರಬಡ್ಡಿ ಹಾಕದಿದ್ದರೂ ಮೂರು ವರ್ಷ ತುಂಬುವ ಮುನ್ನ ಬಡ್ಡಿಯು ಅಸಲನ್ನು ಮೀರಿ ನಿಲ್ಲುತ್ತದೆ. ಬೈಕಿಗೋ ಟಿ.ವಿ.ಗೋ ಕಂತಿನ ಸಾಲ ಕೊಡುವವರು ಇನ್ನೊಂದು ಜಾಣತನ ಮಾಡುತ್ತಾರೆ. ಒಂದು ಲಕ್ಷಕ್ಕೆ ವರ್ಷಕ್ಕೆ ಶೇಕಡಾ 12ರಂತೆ ಎರಡು ವರ್ಷಕ್ಕೆ 24,000. ಒಟ್ಟು 1,24,000ವನ್ನು 24 ಕಂತುಗಳಲ್ಲಿ ಹಂಚಿದರೆ ತಿಂಗಳಿಗೆ ಸುಮಾರು 5,167 ರೂಪಾಯಿ. ನೋಡಲು ನ್ಯಾಯವೇ. ಆದರೆ ನೀವು ಪ್ರತಿ ತಿಂಗಳೂ ಅಸಲನ್ನು ತೀರಿಸುತ್ತಾ ಬರುವಿರಿ. ವರ್ಷ ಕಳೆದ ಮೇಲೆ ನಿಮ್ಮ ಕೈಯಲ್ಲಿ ಅರ್ಧದಷ್ಟು ಹಣವೇ ಇದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೆ. ಉಳಿಕೆ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಶೇಕಡಾ 21ಕ್ಕೂ ಮಿಕ್ಕಿದ ಬಡ್ಡಿ. ಹತ್ತನೆಯ ತರಗತಿ ಓದಿದ ನಿಮ್ಮ ಮಗಳು ಈ ಲೆಕ್ಕವನ್ನು ಅರ್ಧ ಗಂಟೆಯಲ್ಲಿ ಮಾಡಬಲ್ಲಳು, ಕಾಗದವನ್ನು ಅವಳಿಗೆ ತೋರಿಸಿದರೆ.

ಜಾಮೀನಿನ ವಿಷಯ. ‘ಒಂದು ಸಹಿ ತಾನೆ’ ಎಂಬ ಮಾತಿನಷ್ಟು ಅಪಾಯಕರವಾದ ಮಾತು ಹಳ್ಳಿಯಲ್ಲಿ ಬೇರೆಯಿಲ್ಲ. 1872ರ ಕರಾರು ಕಾಯಿದೆಯ 128ನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ. ಸಾಲಗಾರನನ್ನು ಬಿಟ್ಟು ನೇರವಾಗಿ ನಿಮ್ಮ ಬಳಿಗೇ ಬರಬಹುದು. ಗೆಳೆಯನಿಗೆ ಆಗಬೇಡಿರೆಂದು ನಾವು ಹೇಳುವುದಿಲ್ಲ. ಗೆಳೆಯನ ಸಾಲ ನಮ್ಮದೇ ಆದರೂ ತೀರಿಸಬಲ್ಲೆವೆಂದು ಮನೆಯಲ್ಲಿ ಎಲ್ಲರೂ ಕೂಡಿ ಒಪ್ಪಿದ ಮೇಲೆ ಸಹಿ ಹಾಕಿರಿ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಪ್ರಭುಗಳೂ ಹೇಳಿದ್ದಾರೆ.

ಬಂಗಾರದ ಅಡವು ಬೇಡವೆಂದಲ್ಲ, ಕಷ್ಟಕಾಲಕ್ಕೆಂದೇ ಬಂಗಾರವಿರುವುದು. ಆದರೆ ಅದು ಅಡವಿಗೆ ಹೋಗುವ ಬಹುಮುಖ್ಯ ಕಾರಣ ರೋಗವೂ ಅಲ್ಲ, ಬರವೂ ಅಲ್ಲ, ಮತ್ತೊಂದು ಮದುವೆ. ರೋಸಿಗೆ ಒಂದು ಚಪ್ಪರ, ಮದುವೆಗೆ ಒಂದು ಸಭಾಂಗಣ, ಸಾವಿರ ಮಂದಿಗೆ ಊಟ, ನಡುರಾತ್ರಿಯವರೆಗೆ ಬ್ಯಾಂಡು. ತೆಂಗಿನಹಾಲು ಹಚ್ಚಿ ಹರಸುವುದಕ್ಕೆ ನಮ್ಮ ಅಜ್ಜಿಯಂದಿರಿಗೆ ತಗಲಿದ ಖರ್ಚು ನಾಲ್ಕು ತೆಂಗಿನಕಾಯಿ. ಈ ವಿಷಯ ಇಷ್ಟೇ ಸಾಕು. ಪೀಠದಿಂದ ಹಲವು ಸಲ ಹೇಳಿ ದಣಿದಿದ್ದೇವೆ.

ತಾಯಂದಿರಿಗೆ ಒಂದು ಮಾತು. ಅಡಿಕೆಯ ಹಣ ವರ್ಷಕ್ಕೊಮ್ಮೆ ಬರುವುದು. ಹಾಲಿನ ಸೊಸೈಟಿಯ ಹಣ ಆಗಾಗ್ಗೆ ನಿಮ್ಮ ಕೈಗೆ ಬರುತ್ತದೆ. ಮನೆ ನಡೆಯುವುದು ಅದರಿಂದಲೇ. ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಆ ಎರಡಾಣೆಯ ಬುದ್ಧಿ ಹಳತಾಗಿಲ್ಲ. ಆದರೆ ನೀವು ಕೂಡಿಟ್ಟುದನ್ನು ಸ್ವಸಹಾಯ ಗುಂಪಿನಲ್ಲಿಯೋ, ಹೆಚ್ಚು ಬಡ್ಡಿಯ ಆಸೆ ತೋರಿಸುವವರಲ್ಲಿಯೋ ಗಂಡನಿಗೆ ತಿಳಿಸದೆ ಇಡುವುದುಂಟು. ಮುಚ್ಚುಮರೆ ಎರಡೂ ಕಡೆಯಿಂದ ಇದೆ. ಬ್ಯಾಂಕುಗಳಲ್ಲಿ ಇಟ್ಟ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, 2020ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ. ಬ್ಯಾಂಕಿನ ಪರವಾನಗಿಯಿಲ್ಲದ ಸಂಘಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಅಲ್ಲಿ ಇಡಬಾರದೆಂದಲ್ಲ, ಅದನ್ನು ನಡೆಸುವವರನ್ನು ಬಲ್ಲವರಾಗಿ ಇಡಿರಿ.

ಇನ್ನು ಮರಣಾನಂತರದ ಕಾಗದಪತ್ರಗಳು. ಖಾತೆಗೆ ನಾಮಿನಿ ಹೆಸರಿದ್ದರೆ ಎಲ್ಲವೂ ಅವರದೇ ಎಂಬ ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ನಾಮಿನಿಯು ಬ್ಯಾಂಕಿನಿಂದ ಹಣವನ್ನು ಪಡೆದುಕೊಳ್ಳುವವನು, ಹಕ್ಕು ವಾರಸುದಾರರದು. ನಮಗೆ, ಅಂದರೆ ಕ್ರೈಸ್ತರಿಗೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಉಯಿಲು ಬರೆಯದೆ ತೀರಿಕೊಂಡರೆ ಪತ್ನಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ ಸಮವಾಗಿ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ. ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವೆಂಬ ಕಾರಣದಿಂದ ಮಗಳ ಹಕ್ಕು ಅಳಿಯುವುದಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆಸ್ತಿ ಪಡೆಯುವವರನ್ನು, ಅವರ ಪತಿ ಅಥವಾ ಪತ್ನಿಯನ್ನು ಸಾಕ್ಷಿಯಾಗಿ ಹಾಕಬಾರದು, ಹಾಕಿದರೆ ಅವರಿಗೆ ಬರೆದುದು ಅಸಿಂಧುವಾಗುತ್ತದೆ. ಹಾಗೆಯೇ, ತೀರಿಕೊಂಡವರ ಸಾಲಕ್ಕೆ ಅವರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ. ಆ ತಾಯಿಗೆ ಈ ಒಂದು ವಿಷಯ ತಿಳಿದಿದ್ದರೆ, ಬಾಗಿಲಿಗೆ ಬಂದವರ ಗದರಿಕೆಗೆ ಹೆದರಿ ತವರಿನವರು ಕೊಟ್ಟ ಸರವನ್ನು ಕಳಚಿಕೊಡುತ್ತಿರಲಿಲ್ಲ. ಹೀಗೆ ಗದರಿಸಿ ಸಾಲ ವಸೂಲು ಮಾಡುವ ಕಿರುಸಾಲದವರ ಕಿರುಕುಳವನ್ನು ತಡೆಯಲೆಂದೇ ರಾಜ್ಯ ಸರಕಾರವು 2025ರಲ್ಲಿ ಸುಗ್ರೀವಾಜ್ಞೆ ತಂದಿತು.

ಅಡಿಕೆಮರ ಏರುವವರು ಈ ಊರಿನಲ್ಲಿ ಬಹುಮಂದಿ. ಬ್ಯಾಂಕ್ ಖಾತೆಯಿರುವ 18ರಿಂದ 70 ವಯಸ್ಸಿನವರಿಗೆ ಪ್ರಧಾನಮಂತ್ರಿ ಸುರಕ್ಷಾ ವಿಮೆ ದೊರೆಯುತ್ತದೆ. 2022ರ ಜೂನ್ 1ರಿಂದ ಅದರ ಕಂತು ವರ್ಷಕ್ಕೆ 20 ರೂಪಾಯಿ, ಅಪಘಾತದ ಮರಣಕ್ಕೆ 2 ಲಕ್ಷ. ಇಪ್ಪತ್ತು ರೂಪಾಯಿಗೆ ಇಂದು ಎರಡು ಬನ್ನು ಸಿಗುವುದೂ ಕಷ್ಟ. ನಿಮ್ಮ ತೋಟದಲ್ಲಿ ದುಡಿಯುವವರಿಗೂ ಇದನ್ನು ಮಾಡಿಸಿಕೊಡಿರಿ.

ಮುಂದಿನ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ಶಾಲೆಯ ಮೇಲಿನ ಕೋಣೆಯಲ್ಲಿ ನಮ್ಮ ಧರ್ಮಕೇಂದ್ರದವರೇ ಆದ ಒಬ್ಬ ವಕೀಲರೂ, ನಿವೃತ್ತರಾದ ಒಬ್ಬ ಬ್ಯಾಂಕ್ ಅಧಿಕಾರಿಯೂ ಕುಳಿತಿರುವರು. ಪಹಣಿ, ಪಾಸುಪುಸ್ತಕ, ಅಡವಿನ ಚೀಟಿ, ಜಾಮೀನಿನ ನಕಲು, ಇದ್ದುದೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿರಿ. ಶುಲ್ಕವಿಲ್ಲ, ಹೆಸರು ಬರೆದುಕೊಳ್ಳುವುದೂ ಇಲ್ಲ. ಗುರ್ಕಾರರು ಬಾಗಿಲ ಬಳಿ ನಿಂತು ಯಾರು ಬಂದರೆಂದು ನೋಡಬಾರದೆಂದು ಅವರಿಗೆ ಈಗಾಗಲೇ ತಿಳಿಸಿದ್ದೇವೆ. ಷರತ್ತು ಒಂದೇ: ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಬರಬೇಕು. ಒಬ್ಬರೇ ಬಂದವರಿಗೆ ಕಾಫಿ ಮಾತ್ರ ಸಿಗುವುದು.