ಹಗ್ಗ ಯಾವಾಗ ಬಿಚ್ತೀರಿ?

 

ಇವತ್ತಿನ ವಿಷಯ ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ನನ್ನ ಕಾಲೇಜ್ ಗೆಳೆಯ ಒಬ್ಬ ಈಗ ಸ್ಯಾನ್ ಹೋಸೆ ಹತ್ರ ಇದ್ದಾನೆ. ಅಲ್ಲಿಂದ ಮೂರ್ನಾಲ್ಕು ಗಂಟೆ ಡ್ರೈವ್ ಮಾಡಿದ್ರೆ ಲೇಕ್ ಟಾಹೋ. ನಾವು ಬೆಂಗಳೂರಿಂದ ವೀಕೆಂಡ್‌ಗೆ ಚಿಕ್ಕಮಗಳೂರಿಗೆ ಹೋದ ಹಾಗೆ ಅವರು ಚಳಿಗಾಲದಲ್ಲಿ ಟಾಹೋಗೆ ಸ್ಕೀಯಿಂಗ್‌ಗೆ ಹೋಗ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಚಕ್ರಕ್ಕೆ ಚೈನ್ ಕಟ್ಟಿ, ನೂರಾರು ಡಾಲರ್ ಕೊಟ್ಟು ಬೆಟ್ಟದ ಬುಡದಲ್ಲಿ ನಿಂತಿದ್ದಾನೆ. ರಾತ್ರಿಯಿಡೀ ಹಿಮ ಬಿದ್ದಿದೆ. ಆದ್ರೆ ಮೇಲಿನ ಇಳಿಜಾರಿಗೆ ಅಡ್ಡ ಒಂದು ಹಗ್ಗ, ಅದಕ್ಕೆ 'ಮುಚ್ಚಿದೆ' ಅನ್ನೋ ಬೋರ್ಡ್. ವಾಯ್ಸ್ ನೋಟ್‌ನಲ್ಲಿ ಬರೀ ಬೈಗುಳ. 'ಹನ್ನೊಂದು ಗಂಟೆ ಆಯ್ತು ಮಗಾ, ಇನ್ನೂ ಹಗ್ಗ ಬಿಚ್ಚಿಲ್ಲ. ದುಡ್ಡು ಯಾಕೆ ತಗೊಂಡ್ರು ಹಾಗಾದ್ರೆ?'

ಅವನ ಸಿಟ್ಟು ನಂಗೆ ಅರ್ಥ ಆಗುತ್ತೆ. ಆದ್ರೆ ಅದೇ ಟಾಹೋದಲ್ಲಿ, ಹಗ್ಗ ಬಿಚ್ಚಿದ ಅರ್ಧ ಗಂಟೆಗೆ ಏನಾಯ್ತು ಅನ್ನೋ ಕಥೆ ಇದೆ.

ಅದಕ್ಕೂ ಮುಂಚೆ ಒಂದು ಪದದ ತಕರಾರು. ನಮ್ಮ ಪತ್ರಿಕೆಗಳಲ್ಲಿ ಹಿಮ ಬಿದ್ರೂ ಹಿಮಪಾತ, ಬೆಟ್ಟದ ಮೇಲಿಂದ ಹಿಮ ಜಾರಿ ಜನ ಸತ್ರೂ ಹಿಮಪಾತ. ನಾನಿಲ್ಲಿ ಎರಡನೇದಕ್ಕೆ ಹಿಮಕುಸಿತ ಅಂತೀನಿ, ಅವಲಾಂಚ್.

2024ರ ಜನವರಿ 10, ಬುಧವಾರ. ಜಾಗ ಪ್ಯಾಲಿಸೇಡ್ಸ್ ಟಾಹೋ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ ಬೆಟ್ಟ. ಆಗ ಅದರ ಹೆಸರು ಸ್ಕ್ವಾ ವ್ಯಾಲಿ. ಆ ಪದ ಅಲ್ಲಿನ ಮೂಲನಿವಾಸಿ ಹೆಂಗಸರಿಗೆ ಅವಮಾನ ಅಂತ 2021ರಲ್ಲಿ ಹೆಸರು ಬದಲಾಯಿಸಿದ್ರು. ಅಲ್ಲಿ ಕೆಟಿ-22 ಅಂತ ಒಂದು ಶಿಖರ. ತುಂಬಾ ಕಡಿದಾದ ಇಳಿಜಾರು, ಸ್ಕೀಯರ್‌ಗಳಿಗೆ ಪ್ರಾಣ. ಹಿಂದೆ ಒಬ್ಬ ಹೆಂಗಸು ಅಲ್ಲಿಂದ ಇಳಿಯೋಕೆ 22 ಸಲ ಕಿಕ್ ಟರ್ನ್ ಹೊಡೀಬೇಕಾಯ್ತಂತೆ, ಅದಕ್ಕೇ ಆ ಹೆಸರು.

ಆ ಸೀಸನ್‌ನಲ್ಲಿ ಹಿಮ ತಡವಾಗಿ ಬಂದಿತ್ತು. ಜನವರಿ ಬಂದ್ರೂ ಕೆಟಿ-22 ಲಿಫ್ಟ್ ತೆರೆದಿರಲಿಲ್ಲ. ಕೊನೆಗೂ ದೊಡ್ಡ ಬಿರುಗಾಳಿ ಬಂತು, ಹಿಮ ಸುರೀತು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಸೀಸನ್‌ನಲ್ಲಿ ಮೊದಲ ಸಲ ಲಿಫ್ಟ್ ಓಡಿತು. ಒಂಬತ್ತೂವರೆ ಹೊತ್ತಿಗೆ ಹಿಮ ಜಾರಿತು. ಸುಮಾರು 150 ಅಡಿ ಅಗಲ, 450 ಅಡಿ ಉದ್ದ, ಹತ್ತು ಅಡಿ ಆಳದ ರಾಶಿ. ನಾಲ್ವರು ಸಿಕ್ಕಿಕೊಂಡ್ರು, ಒಬ್ಬರು ಸತ್ರು. ನೂರಕ್ಕೂ ಹೆಚ್ಚು ಜನ ಸಾಲಾಗಿ ನಿಂತು, ಉದ್ದ ಕೋಲು ಚುಚ್ಚುತ್ತಾ ಇನ್ಯಾರಾದ್ರೂ ಕೆಳಗಿದ್ದಾರಾ ಅಂತ ಹುಡುಕಿದ್ರು. ಮರುದಿನ ಅದೇ ರೆಸಾರ್ಟ್‌ನ ಇನ್ನೊಂದು ಕಡೆ, ಆಲ್ಪೈನ್ ಮೆಡೋಸ್‌ನಲ್ಲಿ, ಮತ್ತೊಂದು ಕುಸಿತ. ಅದರಲ್ಲಿ ಯಾರಿಗೂ ಏನೂ ಆಗಲಿಲ್ಲ.

ಗಮನಿಸಿ, ಸತ್ತವರು ಬೇಲಿ ಹಾರಿ ಹೋದವರಲ್ಲ. ತೆರೆದ ಜಾಗದಲ್ಲಿ, ಟಿಕೆಟ್ ತಗೊಂಡು, ನಿಯಮದ ಪ್ರಕಾರವೇ ಇದ್ದವರು. ಮತ್ತೆ ಪೆಟ್ರೋಲ್‌ನವರು ಕೈಕಟ್ಟಿ ಕೂತಿರಲಿಲ್ಲ. ಭಾನುವಾರದಿಂದಲೇ ಆ ಭಾಗದಲ್ಲಿ ತಪಾಸಣೆ ನಡೀತಿತ್ತು ಅಂತ ರೆಸಾರ್ಟ್ ಹೇಳಿತು. ಹಾಗಾದ್ರೆ ತಪ್ಪಿದ್ದೆಲ್ಲಿ?

ಇದಕ್ಕೆ ಹಿಮ ಹೇಗೆ ಜಾರುತ್ತೆ ಅಂತ ಗೊತ್ತಿರಬೇಕು. ಒಂದು ಹಲಗೆನ ಓರೆಯಾಗಿ ಇಡಿ. ಅದರ ಮೇಲೆ ರಾಗಿ ಕಾಳು ತೆಳುವಾಗಿ ಹರಡಿ. ಅದರ ಮೇಲೆ ಒಂದು ಚಪ್ಪಡಿ ಕಲ್ಲು. ಕಲ್ಲು ಸ್ವಲ್ಪ ಹೊತ್ತು ನಿಂತಿರಬಹುದು. ನೀವು ಅದರ ಮೇಲೆ ಕಾಲಿಟ್ರೆ? ಬೆಟ್ಟದಲ್ಲೂ ಇಷ್ಟೇ. ಹಳೇ ಹಿಮ ದಿನಗಟ್ಟಲೆ ಚಳಿಗೆ ಒಡ್ಡಿಕೊಂಡು, ಒಂದಕ್ಕೊಂದು ಅಂಟದ ಸಕ್ಕರೆ ಹರಳಿನ ಥರ ಆಗಿರುತ್ತೆ. ಅದು ರಾಗಿ. ಅದರ ಮೇಲೆ ಹೊಸ ಹಿಮ, ಗಾಳಿ ಹೊತ್ತು ತಂದು ಪೇರಿಸಿದ ಹಿಮ, ಗಟ್ಟಿ ಪದರ ಆಗುತ್ತೆ. ಅದು ಚಪ್ಪಡಿ. ಇಳಿಜಾರು 30ರಿಂದ 45 ಡಿಗ್ರಿ ಇದ್ರೆ ಅಪಾಯ ಜಾಸ್ತಿ. ಬೇಜಾರಿನ ವಿಷಯ ಏನಂದ್ರೆ ಒಳ್ಳೇ ಸ್ಕೀಯರ್‌ಗೆ ಬೇಕಾಗಿರೋದೂ ಅದೇ ಇಳಿಜಾರು.

ಇದನ್ನ ತಡೆಯೋರು ಸ್ಕೀ ಪೆಟ್ರೋಲ್. ನೀವು ಪಾರ್ಕಿಂಗ್ ಹುಡುಕೋಕೆ ಮುಂಚೆ, ಕತ್ತಲಲ್ಲಿ, ಜೋಡಿಜೋಡಿಯಾಗಿ ಶಿಖರಕ್ಕೆ ಹೋಗಿ ಸ್ಫೋಟಕ ಎಸೀತಾರೆ. ಜಾರೋದಿದ್ರೆ ಈಗಲೇ ಜಾರಲಿ ಅಂತ. ಕೆಲವು ಕಡೆ ಬೆಟ್ಟದ ಮೇಲೆ ಕೊಳವೆ ನೆಟ್ಟು, ಗ್ಯಾಸ್ ಸಿಡಿಸಿ ಅದುರಿಸ್ತಾರೆ. ಆಮೇಲೆ ಸ್ಕೀಯಿಂದಲೇ ಅಡ್ಡಡ್ಡ ಕೊಯ್ದು ನೋಡ್ತಾರೆ. ಏನೂ ಜಾರಲಿಲ್ಲ ಅಂದ್ರೆ ಎರಡು ಅರ್ಥ. ಒಂದು, ಹಿಮ ಗಟ್ಟಿಯಾಗಿದೆ. ಎರಡು, ಬಾಂಬ್ ಬಿದ್ದ ಜಾಗ ಸರಿಯಿರಲಿಲ್ಲ. ಯಾವುದು ಅಂತ ಹೊರಗಿಂದ ಕಾಣಲ್ಲ. ಸೀಸನ್‌ನಲ್ಲಿ ಮೊದಲ ಸಲ ತೆರೆಯೋ ಜಾಗ ಇನ್ನೂ ಕಷ್ಟ, ಯಾಕಂದ್ರೆ ದಿನಾ ಸಾವಿರ ಜನ ತುಳಿದು ಆ ದುರ್ಬಲ ಪದರ ಪುಡಿ ಆಗಿರಲ್ಲ.

ಈಗ ಸ್ಕೀಯರ್‌ಗಳ ಮಾತಿಗೆ ಬರೋಣ. ಇಂಥ ಘಟನೆ ಆದಾಗೆಲ್ಲ ವಾದ ಎದ್ದೇ ಏಳುತ್ತೆ. ಜನರ ಒತ್ತಡಕ್ಕೆ, ದುಡ್ಡಿನ ಆಸೆಗೆ ಬೇಗ ತೆರೆದ್ರು ಅನ್ನೋರು ಒಂದು ಕಡೆ. ಬೆಟ್ಟ ಅಂದ್ಮೇಲೆ ಅಪಾಯ ಇದ್ದಿದ್ದೇ, ಪೆಟ್ರೋಲ್ ಮೇಲೆ ಹಾಕ್ಬೇಡಿ ಅನ್ನೋ ಹಳಬರು ಇನ್ನೊಂದು ಕಡೆ. ನಮ್ಮ ಕಾಲದಲ್ಲಿ ಇದಕ್ಕಿಂತ ಬೇಗ ತೆರೀತಿದ್ರು, ಈಗ ಲಾಯರ್‌ಗಳ ಭಯಕ್ಕೆ ಮಧ್ಯಾಹ್ನದವರೆಗೆ ಕೂರಿಸ್ತಾರೆ ಅಂತ ಗೊಣಗೋರೂ ಇದ್ದಾರೆ. ಕೆಲವರು ಸುಮ್ಮನೆ, ರೆಸಾರ್ಟ್ ಒಳಗೂ ಬೀಕನ್ ಕಟ್ಟಿಕೊಂಡು ಹೋಗೋಕೆ ಶುರು ಮಾಡಿದ್ದಾರೆ. ಹಿಮದಡಿ ಸಿಕ್ಕವರಿಗೆ ಸಿಗ್ನಲ್ ಕೊಡೋ ಸಣ್ಣ ಯಂತ್ರ ಅದು. ನಂಗೆ ಈ ಕೊನೇ ಗುಂಪು ಇಷ್ಟ. ಹತ್ತು ನಿಮಿಷದೊಳಗೆ ಹೊರಗೆಳೆದ್ರೆ ಹತ್ತರಲ್ಲಿ ಒಂಬತ್ತು ಜನ ಬದುಕ್ತಾರೆ. ಅರ್ಧ ಗಂಟೆ ಆಗೋಷ್ಟರಲ್ಲಿ ಅದು ಮೂವರಲ್ಲಿ ಒಬ್ಬರ ಆಸುಪಾಸಿಗೆ ಇಳಿಯುತ್ತೆ. ಹೆಲಿಕಾಪ್ಟರ್ ಬರೋವರೆಗೆ ಕಾಯೋ ಲೆಕ್ಕ ಇದಲ್ಲ. ಪಕ್ಕದಲ್ಲಿರೋನೇ ಅಗೀಬೇಕು.

ತಮಾಷೆ ಅಂದ್ರೆ, ಬೆಳಿಗ್ಗೆ 'ಯಾಕಿನ್ನೂ ತೆರೆದಿಲ್ಲ' ಅಂದವನೇ ಸಂಜೆ 'ಯಾಕೆ ತೆರೆದ್ರಿ' ಅಂತಾನೆ. ನಾನು ಬಿ.ಕಾಂ ಓದಿದವನು, ನಂಗೆ ಇದು ಸಂಕ್ ಕಾಸ್ಟ್ ಥರ ಕಾಣುತ್ತೆ. ದುಡ್ಡು ಹೋಗಿದೆ, ರಜೆ ಹೋಗಿದೆ, ಇನ್ನು ವಸೂಲಿ ಮಾಡ್ಲೇಬೇಕು. ಹಿಮಕ್ಕೆ ನಿಮ್ಮ ರಸೀದಿ ಕಾಣಲ್ಲ. ಆದ್ರೆ ರೆಸಾರ್ಟ್‌ಗೆ ಕಾಣುತ್ತೆ, ಅಲ್ಲೇ ನನಗೂ ಅನುಮಾನ ಇರೋದು.

ಆ ಅನುಮಾನಕ್ಕೆ ಒಂದು ಉದಾಹರಣೆ. ಯೂಟಾ ರಾಜ್ಯದ ಪಾರ್ಕ್ ಸಿಟಿ, ವೇಲ್ ರೆಸಾರ್ಟ್ಸ್ ಕಂಪನಿದು. 2024ರ ಡಿಸೆಂಬರ್ 27ಕ್ಕೆ, ಸರಿಯಾಗಿ ಕ್ರಿಸ್‌ಮಸ್-ಹೊಸ ವರ್ಷದ ಜನಜಾತ್ರೆಯಲ್ಲಿ, ಸುಮಾರು 200 ಪೆಟ್ರೋಲ್ ಸಿಬ್ಬಂದಿ ಮುಷ್ಕರ ಹೂಡಿದ್ರು. ಬೇಡಿಕೆ ಏನು ಗೊತ್ತಾ? ಆರಂಭದ ಸಂಬಳ ಗಂಟೆಗೆ 21 ಡಾಲರ್‌ನಿಂದ 23 ಆಗಬೇಕು. ಎರಡು ಡಾಲರ್! ಸ್ಫೋಟಕ ಹಿಡಿದು ಬೆಟ್ಟ ಹತ್ತೋರ ಜೊತೆ ಎರಡು ಡಾಲರ್‌ಗೆ ಚೌಕಾಸಿ. ಪೆಟ್ರೋಲ್ ಇಲ್ಲದೆ ಬೆಟ್ಟದ ಸಣ್ಣ ಭಾಗ ಮಾತ್ರ ತೆರೀತು, ಲಿಫ್ಟ್ ಮುಂದೆ ಮೈಲುದ್ದ ಕ್ಯೂ. ಜನ ಸಿಟ್ಟಾದ್ರು. ಆದ್ರೆ ಆ ಕ್ಯೂನಲ್ಲಿ ನಿಂತವರಲ್ಲೇ ಹಲವರು ಸಿಬ್ಬಂದಿಗೆ ಸಂಬಳ ಕೊಡಿ ಅಂತ ಕಂಪನಿಗೆ ಕೂಗಿದ್ರು. ಸುಮಾರು ಎರಡು ವಾರದಲ್ಲಿ ಒಪ್ಪಂದ ಆಯ್ತು, ಆ ಎರಡು ಡಾಲರ್ ಸಿಕ್ತು. ಹಗ್ಗದ ಆ ಕಡೆ ಯಾರು ಕೆಲಸ ಮಾಡ್ತಾರೆ ಅನ್ನೋದು ತುಂಬಾ ಜನಕ್ಕೆ ಮೊದಲ ಸಲ ಕಂಡಿದ್ದು ಆಗಲೇ ಅನ್ಸುತ್ತೆ.

ಅದಾಗಿ ತಿಂಗಳು ಕಳೆದ ಮೇಲೆ ಇನ್ನೊಂದು ಸುದ್ದಿ. 2025ರ ಫೆಬ್ರವರಿ 14, ಕ್ಯಾಲಿಫೋರ್ನಿಯಾದ ಮ್ಯಾಮತ್ ಮೌಂಟನ್. ಬೆಟ್ಟ ತೆರೆಯೋಕೆ ಮುಂಚೆ ಹಿಮ ಸಡಿಲಿಸೋ ಕೆಲಸದಲ್ಲಿದ್ದ ಇಬ್ಬರು ಪೆಟ್ರೋಲ್ ಸಿಬ್ಬಂದಿ ಹಿಮಕುಸಿತದಲ್ಲಿ ಸಿಕ್ಕಿಕೊಂಡ್ರು. ಅವರಲ್ಲೊಬ್ಬಳು ಕೆಲವು ದಿನದ ನಂತರ ತೀರಿಕೊಂಡಳು. ನಮ್ಮ ಹುಡುಗ ಬೈತಾ ನಿಂತಿದ್ದ ಆ ಹನ್ನೊಂದು ಗಂಟೆಯೊಳಗೆ ಇಂಥ ಕೆಲಸ ನಡೀತಿರುತ್ತೆ.

ಇನ್ನು, ಮುಚ್ಚಿಬಿಟ್ರೆ ಎಲ್ಲಾ ಸರಿಹೋಗುತ್ತಾ? 1982ರ ಮಾರ್ಚ್ 31ರಂದು ಆಲ್ಪೈನ್ ಮೆಡೋಸ್ ಬಿರುಗಾಳಿಗೆ ಮುಚ್ಚಿತ್ತು. ಹಿಮ ಕೆಳಗಿನ ಕಟ್ಟಡಗಳವರೆಗೇ ಬಂತು, ಏಳು ಜನ ಸತ್ರು. ಒಬ್ಬಳು ಲಿಫ್ಟ್ ಉದ್ಯೋಗಿ ಐದು ದಿನದ ಮೇಲೆ ಜೀವಂತ ಸಿಕ್ಕಳು.

ನೀವು ಕೇಳಬಹುದು, ಟಾಹೋ ಕಟ್ಕೊಂಡು ನಮಗೇನು ಅಂತ. ಸರಿ, ಗುಲ್ಮಾರ್ಗ್. ಬೆಂಗಳೂರಿಂದ ಎಷ್ಟು ಜನ ಹೋಗ್ತಾರೆ ಅಂತ ನಿಮ್ಮ ಇನ್‌ಸ್ಟಾ ನೋಡಿದ್ರೆ ಗೊತ್ತಾಗುತ್ತೆ. ಅಲ್ಲಿ ಗೊಂಡೋಲಾ ಎರಡು ಹಂತ: ಮೊದಲನೇದು ಕೊಂಗ್ಡೂರಿಗೆ, ಎರಡನೇದು ಅಫರ್‌ವಟ್ ಕಡೆಗೆ, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 3,950 ಮೀಟರ್. ಟಾಹೋದಲ್ಲಿ ಬೆಟ್ಟದ ದೊಡ್ಡ ಭಾಗ ಪೆಟ್ರೋಲ್ ಸುಪರ್ದಿಯಲ್ಲಿದೆ. ಗುಲ್ಮಾರ್ಗ್‌ನಲ್ಲಿ ಹಾಗಲ್ಲ. ಪೆಟ್ರೋಲ್ ನೋಡಿಕೊಳ್ಳೋದು ಗೊಂಡೋಲಾ ಸುತ್ತಲಿನ ಗುರುತು ಮಾಡಿದ ಭಾಗ. ಅದರ ಎಡಕ್ಕೋ ಬಲಕ್ಕೋ ತಿರುಗಿದ್ರೆ ನೀವು ಕಾಡುಬೆಟ್ಟದಲ್ಲಿದ್ದೀರಿ, ಬಾಂಬ್ ಎಸೆದು ನೋಡಿದವರು ಯಾರೂ ಇಲ್ಲ. ಗೊಂಡೋಲಾ ಮಾತ್ರ ಎರಡೂ ಕಡೆಗೆ ಒಂದೇ ಟಿಕೆಟ್‌ನಲ್ಲಿ ಹತ್ತಿಸುತ್ತೆ.

2023ರ ಫೆಬ್ರವರಿ 1ರಂದು ಅಫರ್‌ವಟ್‌ನ ಹಾಪತ್‌ಖುಡ್‌ನಲ್ಲಿ ಪೋಲೆಂಡ್‌ನ ಇಬ್ಬರು ಸತ್ರು. 2024ರ ಫೆಬ್ರವರಿ 22ಕ್ಕೆ ರಷ್ಯಾದ ಒಬ್ಬ. ಆ ವಾರ ಅಲ್ಲೇ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೀತಿತ್ತು, ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಚಿನ್ನ ಗೆದ್ದ ಕೂಟ. ಒಂದೇ ಬೆಟ್ಟ, ಒಂದೇ ವಾರ.

ಹಾಗಾಗಿ ಹೋಗೋರಿಗೆ: ಗೊಂಡೋಲಾ ಹತ್ತೋ ಮುಂಚೆ ಪೆಟ್ರೋಲ್ ಆಫೀಸ್‌ನಲ್ಲಿ, ಇವತ್ತು ಯಾವ ಭಾಗ ತೆರೆದಿದೆ, ಗಡಿ ಎಲ್ಲಿವರೆಗೆ ಅಂತ ಕೇಳಿ. ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುತ್ತೆ, ಅದನ್ನೂ ನೋಡಿ. ಅಪಾಯದ ಮಟ್ಟ ಐದರಲ್ಲಿ ಮೂರು ಅಂದ್ರೆ ಪಾಸ್ ಮಾರ್ಕ್ಸ್ ಅಂದ್ಕೋಬೇಡಿ. ಹೆಚ್ಚು ಜನ ಸಾಯೋದು ಮೂರರ ದಿನಗಳಲ್ಲೇ. ಗೈಡ್ ಬೀಕನ್ ಕೊಟ್ರೆ ಆನ್ ಇದೆಯಾ ನೋಡಿ, ಜಾಕೆಟ್ ಒಳಗೆ ಹಾಕ್ಕೊಳ್ಳಿ.

ನನ್ನ ಗೆಳೆಯನ ಕಥೆ ಕೇಳ್ತೀರಾ? ಅವತ್ತು ಹನ್ನೆರಡು ಕಾಲಿಗೆ ಹಗ್ಗ ಬಿಚ್ಚಿದ್ರಂತೆ. 'ಹೋದ್ಯಾ?' ಅಂದೆ. 'ಕ್ಯೂ ನೋಡಿ ಸಾಕಾಯ್ತು, ಕಾರಲ್ಲಿ ಕೂತು ಮನೆಯಿಂದ ತಂದ ಚಪಾತಿ ತಿಂತಿದ್ದೆ' ಅಂದ. ಮುಂದಿನ ವಾರ ಮತ್ತೆ ಹೊರಟಿದ್ದಾನೆ, ಈ ಸಲ ಬಾಡಿಗೆಗೆ ಬೀಕನ್ ಹೇಳಿಟ್ಟಿದ್ದಾನೆ. ಸರಿ, ಸಿಗೋಣ.